ಪಲ್ಲವಿಯ ಮೇಲಿನ ಸ್ವರ

ಇಳಕಲ್
೧೮ ನವೆಂಬರ್ ೨೦೨೪

ಪ್ರೀತಿಯ ವಂದನಾ,

ಬಾದಾಮಿಯಲ್ಲಿ ನೀನೂ ನಿನ್ನ ತಾಯಿ ಮಥುರಾಬಾಯಿಯವರೂ ಆರಾಮಿದ್ದೀರೆಂದು ನಂಬಿದ್ದೇನೆ. ನಿನ್ನ ಗಂಟಲಿನ ಆಪರೇಷನ್ ಆಗಿ ಐದು ತಿಂಗಳಾದವು. ಒಂದು ಪತ್ರ ಬರೆಯಲು ನನಗೆ ಇಷ್ಟು ದಿನ ಬೇಕಾಯಿತು, ಬೈಯಬೇಡ. ಫೋನು ಮಾಡಿದರೆ ನೀನು ಮಾತಾಡಬೇಕಾಗುತ್ತದೆ. ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳುವುದನ್ನು ಬಿಡಿಸಿ ನಿನಗೆ ಆಫೀಸಿನ ಕೆಲಸ ಕೊಟ್ಟರೆಂದು ಕೇಳಿ ಎರಡು ದಿನ ಏನೂ ತೋಚಲಿಲ್ಲ.

ನಮ್ಮ ಬ್ಯಾಂಡಿನ ಮೊದಲ ವಿಡಿಯೊ ಮುಗಿಯಿತು. ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯ ಅಂಗಳದಲ್ಲೇ ತೆಗೆದೆವು. ನನ್ನ ಡ್ರಮ್ಸ್ ಮೇಲೆಲ್ಲ ಕಲ್ಲಿನ ಧೂಳು. ಕಲ್ಲು ಕೊಯ್ಯುವ ಯಂತ್ರದ ಗುಂಯ್‌ಗುಡುವ ಸದ್ದಿಗೇ ಪ್ರಭುಲಿಂಗ ಗಿಟಾರಿನ ದಪ್ಪ ತಂತಿಯನ್ನು ಶ್ರುತಿ ಮಾಡಿದ. ನಡುವೆ ಕರೆಂಟು ಹೋಗಿ ಯಂತ್ರ ನಿಂತಾಗ, "ನಮ್ಮ ತಂಬೂರಿ ಸತ್ತ್‌ಹೋತಲೇ!" ಎಂದು ಕೂಗಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಈಚೆಗೆ ಒಂದು ಕಡೆ ಕೂಡಲು ಆಗುವುದಿಲ್ಲ. ಊಟಕ್ಕೆ ಕೂತರೂ ಬೆರಳುಗಳು ತಟ್ಟೆಯ ಮೇಲೆ ಕುಟ್ಟುತ್ತಲೇ ಇರುತ್ತವೆ. "ಗಂಗಾಳಾನೂ ಬಿಡಂಗಿಲ್ಲೇನವಾ?" ಎಂದು ಅವ್ವ ಬೈಯುತ್ತಾಳೆ.

ಈಗ ನಿನ್ನ ಬದಲು ಪ್ರಭುಲಿಂಗನೇ ಹಾಡುತ್ತಾನೆ. ಪಲ್ಲವಿಯ ಮೇಲಿನ ಸ್ವರ ಮಾತ್ರ ಅವನಿಗೆ ದಕ್ಕಲಿಲ್ಲ. ಹನ್ನೊಂದು ಸಲ ಹಾಡಿ ಹೆಡ್‌ಫೋನ್ ತೆಗೆದಿಟ್ಟು, "ಅದು ವಂದನಾನ ಜಾಗಾ. ನನಗ ಅಲ್ಲಿ ಹೋಗಾಕ ಆಗಂಗಿಲ್ಲ," ಎಂದ. ಕೊನೆಗೆ ನನ್ನ ಮೊಬೈಲಿನಲ್ಲಿದ್ದ ನಿನ್ನ ಹಳೆಯ ರೆಕಾರ್ಡಿಂಗ್ ಸೇರಿಸಿದೆವು. ಆ ಭಾಗದಲ್ಲಿ ಯಾರ ತುಟಿಯೂ ಅಲುಗುವುದಿಲ್ಲ. ಹೊಳಪೇರುತ್ತಿರುವ ಕಲ್ಲಿನ ಮೇಲೆ ನೀರು ಹರಿಯುತ್ತದೆ, ನಿನ್ನ ದನಿ ಕೇಳುತ್ತದೆ, ಅಷ್ಟೇ.

ತಿಂಗಳ ಕೊನೆಗೆ ಯೂಟ್ಯೂಬಿಗೆ ಹಾಕಬೇಕೆಂದು ಎಲ್ಲರಿಗೂ ಅವಸರ. "ಆಕಿ ಹೂಂ ಅನ್ನೂತನಾ ಹಾಕೂದಿಲ್ಲ," ಎಂದು ಜಗಳವಾಡಿ ವಿಡಿಯೊ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ನೀನು ಬೇಡವೆಂದರೆ ಅಳಿಸುತ್ತೇನೆ.

ನಮ್ಮ ದೇವರು ಬೀರಪ್ಪ ನಿನ್ನ ಗಂಟಲನ್ನು ಕಾಯಲಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಸುರೇಖಾ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು. ಬಾಗಲಕೋಟೆಯ ಶೋದ ಹಿಂದಿನ ದಿನ ನೀನು ಡಾಕ್ಟರ ಚೀಟಿ ತೋರಿಸಿ, "ಒಂದ್ ತಿಂಗಳು ಹಾಡಬಾರ್ದಂತ. ಬ್ಯಾಂಡಿನವರಿಗೆಲ್ಲಾ ನೀನ ಹೇಳು," ಅಂದಿದ್ದೆ. ಸಂಜೆ ನಾನು ಬಂದು, "ಹೇಳೀನಿ, ಪ್ರಭುಲಿಂಗ ಒಪ್ಪವಲ್ಲ. ಇದೊಂದ್ ಶೋ ಹಾಡಿಬಿಡು," ಅಂದೆ. ಮೂರನೆಯ ಹಾಡಿಗೆ ನಿನ್ನ ದನಿ ಒಡೆಯಿತು. ಶೋ ತಪ್ಪಿಹೋದೀತೆಂದು ಆ ಚೀಟಿಯ ವಿಷಯ ನಾನು ಪ್ರಭುಲಿಂಗನಿಗೂ, ಬೇರೆ ಯಾರಿಗೂ ಹೇಳಿಯೇ ಇರಲಿಲ್ಲ, ವಂದನಾ. ತನ್ನ ಮೆಸೇಜಿಗೆ ನೀನು ಯಾಕೆ ಉತ್ತರ ಕೊಡುವುದಿಲ್ಲವೆಂದು ಪ್ರಭುಲಿಂಗ ಇವತ್ತಿಗೂ ನನ್ನನ್ನೇ ಕೇಳುತ್ತಾನೆ.