ಹಿಂದಕ್ಕೆ ನಡೆಯುವವರ ಹಾಡು

ಜೂನ್ ೧೪, ಶುಕ್ರವಾರ

ಪ್ರೀತಿಯ ತಂಗಿ ಪೀಪಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನಿನ್ನ ಕಾಗದ, ಅದರ ಜೊತೆಗೆ ನೀನು ಹಾಡುವ ಸಮಾರಂಭದ ಚಿನ್ನದ ಅಂಚಿನ ಆಹ್ವಾನ ಪತ್ರಿಕೆ, ಎರಡೂ ಬಂದು ತುಂಬಾ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕೆಲಸದ ನೆಪ ಹೇಳಬಹುದಿತ್ತು. ಆದರೆ ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಹರಿದು ಒಲೆಗೆ ಹಾಕುತ್ತಿದ್ದೆ. ಇವತ್ತು ಸ್ವಲ್ಪ ತಣ್ಣಗಿದ್ದೇನೆ. ಎಷ್ಟು ಹೊತ್ತು ಹೀಗಿರುತ್ತೇನೋ ಗೊತ್ತಿಲ್ಲ, ಬೇಗ ಬರೆದು ಮುಗಿಸುತ್ತೇನೆ.

ಮೊದಲು ಇಲ್ಲಿನ ಸುದ್ದಿ. ಹಗ್ಗದ ಶೆಡ್ಡಿನ ಮಾಡಿಗೆ ಹೊಸ ತಗಡು ಹೊದಿಸಿದೆವು. ನಿನ್ನ ಭಾವನ ಮಂಡಿನೋವು ಹಾಗೇ ಇದೆ. ಅದಕ್ಕೇ ಅವರು ಸ್ಟೂಲು ಹಾಕಿಕೊಂಡು ಕೂತು ಚಕ್ರ ತಿರುಗಿಸುತ್ತಾರೆ, ಸೊಂಟಕ್ಕೆ ನಾರು ಕಟ್ಟಿಕೊಂಡು ಹುರಿ ಹೊಸೆಯುತ್ತಾ ನಡೆಯುವ ಕೆಲಸ ನನ್ನದು. ನೈಲಾನ್ ಬಂದ ಮೇಲೆ ನಮ್ಮ ಹಗ್ಗ ಕೇಳುವವರು ಕಡಿಮೆ. ಆದರೆ ನಿನ್ನ ಹಾಡಿನ ಪುಣ್ಯದಿಂದ ಈಗ ನೀನು ಬೆಳೆದ ಶೆಡ್ಡು ನೋಡಲು ಜನ ಬರುತ್ತಾರೆ. ಹಗ್ಗ ಕೊಳ್ಳುವುದಿಲ್ಲ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮೊನ್ನೆ ಒಬ್ಬಳು ನಿನ್ನ ಭಾವನಿಗೆ "ಸ್ವಲ್ಪ ನಗಿ ಯಜಮಾನ್ರೇ" ಅಂದಳು. "ಮದುವೆ ಫೋಟೋದಲ್ಲೇ ನಕ್ಕಿಲ್ಲ, ಈಗ ನಿಮಗೋಸ್ಕರ ನಗ್ತೀನಾ?" ಎಂದು ಇವರು ಮುಖ ತಿರುಗಿಸಿದರು.

ಆ ಹಾಡನ್ನು ನಾನು ಮೊದಲು ಎಲ್ಲಿ ಕೇಳಿದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಆಟದ ಮೈದಾನಕ್ಕೆ ಹಗ್ಗಜಗ್ಗಾಟದ ಹಗ್ಗ ಕೊಡಲು ಹೋಗಿದ್ದೆ. ಹೆಗಲ ಮೇಲೆ ಹೊರೆ. ಧ್ವನಿವರ್ಧಕದಲ್ಲಿ ಡೋಲು, ತುತ್ತೂರಿ ಶುರುವಾಯಿತು, ಎಲ್ಲರೂ ಧಡಕ್ಕನೆ ಎದ್ದು ನಿಂತರು. ಆಮೇಲೆ ನಿನ್ನ ದನಿ. ಮೊದಲು ಖುಷಿಯೇ ಆಯಿತು ಕಣೇ, ನಮ್ಮ ಪೀಪಿ ಎಂದು. ರಾಗ ಗುರುತು ಸಿಕ್ಕಿತು, ಕಾಲು ತಾನಾಗಿ ಹಿಂದಕ್ಕೆ ಹೋಯಿತು. ಕಾವಲುಗಾರ ಓಡಿ ಬಂದು, "ಏನಮ್ಮಾ, ನಾಡಗೀತೆಗೆ ಅಲ್ಲಾಡಬಾರದು ಅಂತ ಗೊತ್ತಿಲ್ವಾ? ಹೊರೆ ಕೆಳಗಿಡಿ, ನೆಟ್ಟಗೆ ನಿಲ್ಲಿ" ಎಂದು ಗದರಿದ. ನಿಂತೆ.

*ಮುಂದೆ ಮುಂದೆ ನಡೆವೆವು ನಾಡೇ,*
*ಕಣ್ಣ ಮುಂದೆ ನಿಂತಿರು.*

ನೀನು ಹುಟ್ಟಿ ಬೆಳೆದದ್ದು ಇದೇ ಶೆಡ್ಡಿನಲ್ಲಿ. ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಪರಕೀಯಳಿಗೆ ಹೇಳುವ ಹಾಗೆ ಹೇಳುತ್ತೇನೆ, ಈಗ ಹಾಗೇ ಅಲ್ಲವೇ. ಹುರಿ ಹೊಸೆಯುವವಳು ಚಕ್ರಕ್ಕೆ ಮುಖಮಾಡಿ ಹಿಂದಕ್ಕೆ ಹೆಜ್ಜೆ ಇಡುತ್ತಾಳೆ. ನಡೆದಷ್ಟೂ ಚಕ್ರ ದೂರವಾಗುತ್ತದೆ, ಆದರೆ ಕಣ್ಣು ತಪ್ಪುವುದಿಲ್ಲ. ಅದಕ್ಕೇ ಹಾಗೆ ನಡೆಯುತ್ತಾ ನಮ್ಮವರು ತೀರಿಹೋದವರನ್ನು ಕರೆದು ಹಾಡುವುದು. ರಾಗ ಎಲ್ಲರದ್ದು, ಸಾಲೂ ಎಲ್ಲರದ್ದು, ಹೆಸರು ಮಾತ್ರ ಅವರವರದ್ದು. ಒಬ್ಬರು ಕರೆಯುವ ಹೆಸರಿಗೆ ಇನ್ನೊಬ್ಬರು ಕೈ ಹಚ್ಚಬಾರದು. ಅಮ್ಮ ತನ್ನ ತಮ್ಮನನ್ನು ಕರೆಯುತ್ತಿದ್ದಳು. ನಾನು ನನ್ನ ಮಗಳನ್ನು ಕರೆಯುತ್ತೇನೆ.

*ಹಿಂದೆ ಹಿಂದೆ ನಡೆದೆನೇ ಚಿನ್ನಿ,*
*ಕಣ್ಣ ಮುಂದೆ ನಿಂತಿರು.*

ಕಳೆದ ವರ್ಷ ನೀನು ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಏನೆಂದೆ? "ಅಕ್ಕಾ, ಚಿನ್ನಿ ಹಾಡು ಒಂದ್ಸಲ ಹಾಡೇ. ಫೋನಲ್ಲಿ ಇಟ್ಕೋತೀನಿ, ನನಗೋಸ್ಕರ ಅಷ್ಟೇ. ಅವಳನ್ನ ಎತ್ತಿ ಆಡಿಸಿದವಳು ನಾನೂ ಅಲ್ವಾ?" ಎಂದೆ. ಕೂತು ಹಾಡಿದರೆ ನನಗೆ ಅದು ಬರುವುದೇ ಇಲ್ಲ. ಒಲೆಯ ಹತ್ತಿರದಿಂದ ಹಿಂದೆ ಹಿಂದೆ ನಡೆಯುತ್ತಾ ಹಾಡಿದೆ, ನೀರಿನ ಕೊಡ ಎಡವಿ ಅಡುಗೆಮನೆಯೆಲ್ಲ ಒದ್ದೆ. ನೀನು ನನ್ನನ್ನು ತಬ್ಬಿಕೊಂಡು ಅತ್ತೆ. ಆ ಅಳುವೂ ರೆಕಾರ್ಡ್ ಆಗಿದೆಯಾ? ಅದನ್ನೂ ನಾಡಗೀತೆ ಆರಿಸುವ ಸಮಿತಿಗೆ ಕೇಳಿಸಿದೆಯಾ?

ನಾನು ಫೋನು ಮಾಡಿದಾಗ ನೀನು ಹೇಳಿದ್ದು ನೆನಪಿದೆ. "ಜನಪದ ಅಂದ್ರೆ ಯಾರೊಬ್ಬರದ್ದೂ ಅಲ್ಲ ಅಕ್ಕಾ. ಇಡೀ ನಾಡೇ ನಮ್ಮ ಹಾಡು ಹಾಡ್ತಿದೆ, ನೀನು ಹೆಮ್ಮೆ ಪಡಬೇಕು." ಪಟ್ಟೆ. ರಾಗ ತೆಗೆದುಕೊಂಡು ಹೋಗಿದ್ದಕ್ಕೆ ನಾನು ಚಕಾರ ಎತ್ತಿಲ್ಲ. ಹಿಂದೆ ಎಂಬುದು ಮುಂದೆ ಯಾಕಾಯಿತು ಎಂದು ಕೇಳಿದರೆ, "ನಾಡು ಹಿಂದಕ್ಕೆ ನಡೀಬಾರದು ಅಂತ ಸಮಿತಿಯವರು ಹೇಳಿದ್ರು" ಎಂದೆ. ಅಲ್ಲವೇ ಪೀಪಿ, ಎದುರಿಗೆ ನಿಂತಿರು ಎಂದು ಹೇಳಿ ಮುಂದೆ ಮುಂದೆ ನುಗ್ಗಿದರೆ ನಿಂತವರನ್ನು ತುಳಿದೇ ಹೋಗಬೇಕಲ್ಲ? ಅಷ್ಟು ಜನ ದೊಡ್ಡವರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲವಾ?

ಆಮೇಲೆ ನಾನು ಹೆಸರಿನ ವಿಷಯ ಎತ್ತಿದೆ. ಸಮಾರಂಭದಲ್ಲಿ ನಾಡಗೀತೆ ಹೇಗಾದರೂ ಹಾಡಿಕೋ, ಅದಕ್ಕೂ ಮೊದಲು ಒಂದೇ ಒಂದು ಸಲ, ಡೋಲು ತುತ್ತೂರಿ ಇಲ್ಲದೆ, ಚಿನ್ನಿ ಎಂದು ಹಾಡು, ಇದು ಅವಳ ಹಾಡಾಗಿತ್ತು ಎಂದು ಹೇಳು ಎಂದೆ. ಬೇರೆ ಏನು ಕೇಳಿದ್ದೆ ನಿನ್ನನ್ನು? "ಅದೆಲ್ಲ ಚೆನ್ನಾಗಿರಲ್ಲ ಅಕ್ಕಾ. ನಾನು ಅವರಿಗೆ, ಕರ್ತೃ ಯಾರು ಅಂತ ಗೊತ್ತಿಲ್ಲ, ಹಾಡ್ತಿದ್ದೋರು ಯಾರೂ ಈಗಿಲ್ಲ ಅಂತ ಹೇಳಿಬಿಟ್ಟಿದ್ದೀನಿ." ಬದುಕಿರುವ ನನ್ನನ್ನು ಕೊಂದದ್ದಕ್ಕೆ ನಗಬಹುದು, ನಕ್ಕೆ ಕೂಡ. ಸತ್ತ ನನ್ನ ಮಗುವನ್ನು ಎರಡನೇ ಸಲ ಕಳಿಸಿಕೊಟ್ಟೆಯಲ್ಲ, ಅದಕ್ಕೆ ಏನು ಮಾಡಲಿ? ಬೇರೆ ಯಾರಾದರೂ ಕದ್ದಿದ್ದರೆ ಶಾಪ ಹಾಕಿ ಸುಮ್ಮನಾಗುತ್ತಿದ್ದೆ. ನಿನಗೆ ಶಾಪ ಹಾಕಲು ಬಾಯಿ ಬರುವುದಿಲ್ಲ.

ಶೆಡ್ಡಿನಲ್ಲಿ ನಮ್ಮ ಜೊತೆ ಹೊಸೆಯುವ ಎಡಚಿ ಮೂವತ್ತು ವರ್ಷದಿಂದ ತನ್ನ ಅಣ್ಣನನ್ನು ಕರೆಯುತ್ತಿದ್ದವಳು. ಈಗ ಅವಳೂ "ನಾಡೇ" ಎನ್ನುತ್ತಾಳೆ. ಯಾಕೆ ಎಂದರೆ, "ಹಂಗೇ ಬಾಯಿಗೆ ಬಂದುಬಿಡುತ್ತೆ ಅಕ್ಕಾ, ದಿನಾ ಕೇಳಿ ಕೇಳಿ" ಎಂದಳು. ಅವಳ ಮೇಲೂ ಸಿಟ್ಟು ಮಾಡಿದೆ, ಪಾಪ.

ಸಮಾರಂಭಕ್ಕೆ ನಾವು ಬರುವುದಿಲ್ಲ. ಮೊದಲ ಸಾಲಿನ ಕುರ್ಚಿಗಳನ್ನು ಬೇರೆ ಯಾರಿಗಾದರೂ ಕೊಡು. ಗಂಟಲು ಜೋಪಾನ, ತಣ್ಣೀರು ಕುಡಿಯಬೇಡ, ಚಿಕ್ಕಂದಿನಿಂದ ನಿನಗೆ ಆಗುವುದಿಲ್ಲ. ಎಲ್ಲಿ ಹಾಡಿದರೂ ನಿನಗೆ ಒಳ್ಳೆಯದೇ ಆಗಲಿ. ಅಕ್ಕನಾದವಳು ಇನ್ನೇನು ಬರೆದಾಳು.

ಇಂತು,
ನಿನ್ನ ಅಕ್ಕ

ತಾ.ಕ.: ಕಾಗದ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಬರೆಯಬಾರದೆಂದಿದ್ದೆ. ನಿನ್ನೆ ಬೆಳಿಗ್ಗೆ ಉದ್ದದ ಹುರಿ ಹೊಸೆಯುತ್ತಾ ಎಂದಿನಂತೆ ಚಿನ್ನಿಯ ಹಾಡು ಹಾಡಿಕೊಂಡು ನಡೆಯುತ್ತಿದ್ದೆ. ಇದ್ದಕ್ಕಿದ್ದಂತೆ ಚಕ್ರ ನಿಂತಿತು. ಹುರಿ ನಡುವಿನಲ್ಲಿರುವಾಗ ನಿನ್ನ ಭಾವ ಚಕ್ರ ನಿಲ್ಲಿಸಿದ್ದನ್ನು ನಾನು ಕಂಡೇ ಇಲ್ಲ. ಮಂಡಿನೋವಿರಬೇಕು ಎಂದುಕೊಂಡು, "ಏನಾಯ್ತು?" ಎಂದು ಆ ತುದಿಗೆ ಕೂಗಿದೆ. ಅವರು ಸ್ಟೂಲಿನಿಂದ ಎದ್ದು ನಿಂತಿದ್ದರು. ಹುರಿ ನನ್ನ ಕೈಯಲ್ಲೇ ಸಡಿಲಾಗಿ ಸುರುಳಿ ಸುತ್ತಿಕೊಂಡಿತು.

"ಈಗ ಯಾರನ್ನ ಕರೆದೆ ನೀನು?" ಎಂದು ಕೇಳಿದರು.