ಬರೆಯದೆ ಬಿಟ್ಟ ‘ಆ್ಯಡ್’

ಮಂಗಳವಾರ, ಮಾರ್ಚ್ 11

ಒಂದೇ ಒಂದು ಪದಕ್ಕೆ ಇಡೀ ದಿನ ಹಾಳಾಯಿತು.

ಆಸ್ಪತ್ರೆಯ ನೆಟ್‌ವರ್ಕನ್ನು ಬೇರೆ ಬೇರೆ ವಿ-ಲ್ಯಾನ್‌ಗಳಾಗಿ, ಅಂದರೆ ಒಂದಕ್ಕೊಂದು ತಾಕದ ಭಾಗಗಳಾಗಿ, ಒಡೆಯುವ ಕೆಲಸ ನನ್ನದು: ರೋಗಿಗಳ ಮಾನಿಟರ್‌ಗಳಿಗೊಂದು, ಕಚೇರಿಗೊಂದು, ಬಂದುಹೋಗುವವರ ಫೋನ್‌ಗಳಿಗೊಂದು. ಬೆಳಿಗ್ಗೆ ಎರಡನೇ ಮಹಡಿಯ ನೆಟ್‌ವರ್ಕ್ ಸ್ವಿಚ್‌ಗೆ ಫೋನ್‌ಗಳ ವಿ-ಲ್ಯಾನ್ ಸೇರಿಸಿ ಐದು ನಿಮಿಷವೂ ಆಗಿರಲಿಲ್ಲ, ಹಿರಿಯ ನರ್ಸ್ ಏದುಸಿರು ಬಿಡುತ್ತ ಬಂದರು.

“ಏನ್ರೀ ಮಾಡಿದ್ರಿ? ನಮ್ಮ ಟೇಬಲ್ ಮೇಲಿನ ಪರದೇಲಿ ಹನ್ನೆರಡು ಜನರ ಹೃದಯಬಡಿತಾನೂ ಮಾಯ!”

ಪುಣ್ಯಕ್ಕೆ ಹಾಸಿಗೆ ಪಕ್ಕದ ಯಂತ್ರಗಳು ನಡೆಯುತ್ತಿದ್ದವು. ಎರಡು ಗಂಟೆ ನರ್ಸ್‌ಗಳು ಹಾಸಿಗೆಯಿಂದ ಹಾಸಿಗೆಗೆ ಓಡಿದರು.

ನಾನು ಕೇಬಲ್ ಮೇಸ್ತ್ರಿಯ ಮೇಲೆ ಹರಿಹಾಯ್ದೆ. “ನೀವು ನಿನ್ನೆ ಎಳೆದ ಕೇಬಲ್ಲೇ ಸರಿಯಿಲ್ಲ!” ಅದೂ ಎಲ್ಲರೆದುರು. ಅಪ್ಪನ ವಯಸ್ಸಿನವರು, ಕೇಬಲ್ ಬದಲಿಸಲು ಏಣಿ ಹತ್ತಿದರು.

ಅವರು ಮೇಲಿರುವಾಗಲೇ ನನ್ನ ಕಣ್ಣಿಗೆ ಬಿತ್ತು. ಮಹಡಿಗಳನ್ನು ಜೋಡಿಸುವ ಟ್ರಂಕ್ ಪೋರ್ಟ್‌ಗೆ ಕೊಟ್ಟ ಆದೇಶದಲ್ಲಿ ಹೊಸ ವಿ-ಲ್ಯಾನ್ ನಂಬರಿಗೆ ಮೊದಲು ‘ಆ್ಯಡ್’, ಅಂದರೆ ‘ಸೇರಿಸು’, ಎಂದು ನಾನು ಬರೆದೇ ಇರಲಿಲ್ಲ. ಸ್ವಿಚ್ ಮಾನಿಟರ್‌ಗಳದ್ದೂ ಸೇರಿ ಹಳೆಯ ಪಟ್ಟಿಯನ್ನೆಲ್ಲ ಅಳಿಸಿ ಹೊಸದನ್ನೊಂದೇ ಇಟ್ಟುಕೊಂಡಿತ್ತು. ನನ್ನ ಹತ್ತು ವರ್ಷದ ಅನುಭವಕ್ಕೆ ಬೆಂಕಿ ಹಾಕ!

ಅವರು ಹೊಸ ಕೇಬಲ್ ಸಿಕ್ಕಿಸುವ ಹೊತ್ತಿಗೇ ನಾನು ಆ ಪಟ್ಟಿ ಸರಿಪಡಿಸಿದೆ. ಪರದೆ ಬೆಳಗಿತು.

“ಕೇಬಲ್ಲೇ ಕೆಟ್ಟಿತ್ತು ನೋಡಮ್ಮ, ನನ್ನದೇ ತಪ್ಪು” ಎಂದರು ಮೇಸ್ತ್ರಿ.

ನಾನು “ಹೂಂ” ಎಂದೆ. ಥೂ, ಹೂಂ ಎಂದುಬಿಟ್ಟೆ.

ಈಗ ರಾತ್ರಿ ತಡೆಯಲಾರದೆ ಮೇಸ್ತ್ರಿಗೆ ಫೋನ್ ಮಾಡಿದರೆ ಎತ್ತಿದ್ದು ಅವರ ಹೆಂಡತಿ. “ಏಣಿ ಹತ್ತಿ ಸೊಂಟ ಹಿಡ್ಕೊಂಡಿದೆ, ಮಲಗಿದಾರೆ. ಮತ್ತೆ ಕೇಬಲ್ ಕೆಡ್ತಾ? ಎಬ್ಬಿಸ್ಲಾ?”

“ಬೇಡಮ್ಮ, ಕೇಬಲ್ ಕೆಟ್ಟೇ ಇರ್ಲಿಲ್ಲ, ತಪ್ಪು ನಂದು” ಎಂದೆ.

“ಹಾಗಾದ್ರೆ ನಾಳೆ ಅಲ್ಲೇ ಅವರಿಗೆ ಹೇಳಿ, ಎಲ್ಲರೆದುರಿಗೆ” ಎಂದರು ಆಕೆ.