ಲಿಫ್ಟಿನ ಗುಂಡಿ, ನಾನು ತೋಡಿದ ಗುಂಡಿ

ಪ್ರೀತಿಯ ಭಾವನವರಿಗೆ,

‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಹೊಡೆದುಹಾಕಿದ್ದು ನಿಮಗೆ ಕಾಣಬಾರದೆಂದು ಹಾಳೆ ಬದಲಾಯಿಸಿದೆ. ಇದು ಮೂರನೆಯ ಹಾಳೆ. ಎರಡು ಬೀದಿ ಆಚೆ ಇದ್ದುಕೊಂಡು ಕಾಗದ ಬರೆಯುತ್ತಿದ್ದಾನಲ್ಲ, ಇವನಿಗೇನು ಬಂತು ಎಂದು ನಿಮಗೆ ಅನ್ನಿಸಬಹುದು. ಎದುರಿಗೆ ಕೂತರೆ ನಾನು ಏನಾದರೊಂದು ತಮಾಷೆ ಮಾಡಿ ಎದ್ದು ಬಂದುಬಿಡುತ್ತೇನೆ ಭಾವ. ಫೋನಿನಲ್ಲಾದರೆ ಇನ್ನೂ ಬೇಗ. ಕಾಗದ ನಗುವುದಿಲ್ಲ; ಅದರ ಮುಂದೆ ನನ್ನ ಆಟ ಅಷ್ಟಾಗಿ ನಡೆಯುವುದಿಲ್ಲ.

ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ನೀವು ಅಕ್ಕನನ್ನು ಮದುವೆಯಾದಾಗ ಇಂಥದ್ದೇನೂ ಆಗಿರಲಿಲ್ಲ. ಅವತ್ತು ನಾನು ಖುಷಿಯಾಗಿಯೇ ಓಡಾಡಿಕೊಂಡಿದ್ದೆ. ಇದು ಬಂದದ್ದು ಅದಾದ ಹದಿನೇಳು ವರ್ಷಕ್ಕೆ, ನೀವು ಮಾಡಿದ ಹದಿಮೂರು ಗುಂಡಿಗಳ ಒಂದು ಪೆಟ್ಟಿಗೆಯ ಮೇಲೆ ಕೂತುಕೊಂಡು. ಮಿಡಿ ಕಂಟ್ರೋಲರ್ ಎಂದು ಅದರ ಹೆಸರು. ನನ್ನ ಹೊಟ್ಟೆಯೊಳಗೆ ಹೊಕ್ಕದ್ದು ಮಾತ್ರ ಮಿಡಿನಾಗರ.

ಇಂಥ ವಾದ್ಯದ ಪೆಟ್ಟಿಗೆ ಕಟ್ಟುವ ವಿದ್ಯೆಯನ್ನು ನಿಮಗೆ ಹೇಳಿಕೊಟ್ಟವನು ನಾನು ಎನ್ನುವುದು ನಿಮಗೂ ಗೊತ್ತು, ಕೇಳಿದವರಿಗೆಲ್ಲ ನೀವೇ ಹೇಳುತ್ತೀರಿ. ಅದೂ ನನಗೆ ಸಹಿಸುವುದಿಲ್ಲ. ಮಿಡಿಯಲ್ಲಿ ಸ್ವರ ಇರುವುದಿಲ್ಲ, ‘ಇಂಥ ಸ್ವರ ಶುರುಮಾಡು, ಇಂಥದ್ದನ್ನು ನಿಲ್ಲಿಸು’ ಎಂಬ ಚೀಟಿ ಮಾತ್ರ ತಂತಿಯಲ್ಲಿ ಹೋಗುತ್ತದೆ, ಆ ಚೀಟಿ ಓದಿಕೊಂಡು ಹಾಡುವುದು ಸಿಂಥಸೈಜರಿನ ಕೆಲಸ ಎಂದು ನಾನು ಚಿತ್ರ ಬರೆದು ವಿವರಿಸುತ್ತಿದ್ದೆ. ನೀವು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, “ಲಿಫ್ಟಿನ ಹಾಗೇ ಅನ್ನಿ ಮೇಷ್ಟ್ರೇ. ಗುಂಡಿ ಒತ್ತೋದು ಇಲ್ಲಿ, ಮೋಟಾರ್ ಓಡೋದು ಮೇಲೆ” ಎಂದಿರಿ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನಾನು ಅರ್ಧ ಗಂಟೆ ತೆಗೆದುಕೊಂಡದ್ದನ್ನು ಲಿಫ್ಟ್ ರಿಪೇರಿ ಮಾಡುವ ನೀವು ಒಂದು ಉಸಿರಿನಲ್ಲಿ ಮುಗಿಸಿದಿರಿ. ಮರುದಿನ ತರಗತಿಯಲ್ಲಿ ಆ ಮಾತನ್ನು ನನ್ನದೇ ಎಂಬಂತೆ ಹೇಳಿದೆ. ಹುಡುಗರು ಬರೆದುಕೊಂಡರು.

ಆಮೇಲೆ ನನ್ನ ಸಿಂಥಸೈಜರ್ ಮೂರು ವಾರ ‘ಗುಂಯ್’ ಎಂದು ಕೊರೆಯುತ್ತಿತ್ತಲ್ಲ, ಅದು ನಿಂತ ದಿನವೂ ನೆನಪಿದೆ. ಕೆಪಾಸಿಟರ್ ಬದಲಾಯಿಸಿದೆ, ತಂತಿ ಬದಲಾಯಿಸಿದೆ, ಕೊನೆಗೆ ಮೇಜನ್ನೂ ಬದಲಾಯಿಸಿದೆ. ನೀವು ಕೆಲಸದ ಚೀಲವನ್ನೂ ಇಳಿಸದೆ ಅದರ ತಗಡಿನ ಮುಚ್ಚಳದ ಮೇಲೆ ಅಂಗೈ ಇಟ್ಟಿರಿ, ಶಬ್ದ ನಿಂತಿತು. “ಅರ್ತ್ ವೈರ್ ಬಿಟ್ಟಿದೆ” ಎಂದಿರಿ. ಅರ್ಥ ಹೇಳುವುದು ನನ್ನ ಕಸುಬು, ಅರ್ತ್ ಹಿಡಿದವರು ನೀವು. ಸೋಲ್ಡರಿಂಗಿನ ವಿಷಯ ಎತ್ತುವುದೇ ಬೇಡ. ಆ ಪದದಲ್ಲಿ ಮೊದಲ ಅರ್ಧ ನನ್ನ ಪಾಲಿಗೆ ಬಂದಿದೆ. ನಾನು ಹಾಕಿದ ಬೆಸುಗೆ ಯಾರೋ ಅಗಿದು ಅಂಟಿಸಿದಂತೆ ಇರುತ್ತದೆ, ನಿಮ್ಮದು ಸಾಸಿವೆ ಕಾಳನ್ನು ಎಣಿಸಿ ಇಟ್ಟ ಹಾಗೆ.

ಇಷ್ಟನ್ನೂ ನಾನು ನುಂಗಿಕೊಳ್ಳುತ್ತಿದ್ದೆನೇನೋ. ಅಕ್ಕನ ಕೈ ನಿಮ್ಮ ಆ ಗುಂಡಿಗಳ ಪೆಟ್ಟಿಗೆಯ ಮೇಲೆ ಕೂರದೆ ಇದ್ದಿದ್ದರೆ.

ಚಿಕ್ಕಂದಿನ ಮಾತು. ನನಗೆ ಹತ್ತು ವರ್ಷ, ಅವಳಿಗೆ ಹದಿನಾಲ್ಕು. ಕೆಟ್ಟ ರೇಡಿಯೋದ ಭಾಗಗಳನ್ನೂ ಬಾಗಿಲ ಕರೆಗಂಟೆಯನ್ನೂ ಸೇರಿಸಿ ನಾನೊಂದು ಡಬ್ಬಿ ಮಾಡಿದ್ದೆ. ಅದರಿಂದ ಬರುತ್ತಿದ್ದದ್ದು ಒಂದೇ ಸ್ವರ, ಅದೂ ಮೂಗಿನಲ್ಲಿ. ಅಪ್ಪ ಕಿವಿ ಮುಚ್ಚಿಕೊಂಡರು. ಅಕ್ಕ ಮಾತ್ರ ಅದರ ಮುಂದೆ ಕಾಲು ಮಡಚಿ ಕೂತು, ಅದನ್ನೇ ಶ್ರುತಿ ಮಾಡಿಕೊಂಡು ಮಧ್ಯಾಹ್ನವೆಲ್ಲ ಹಾಡಿದಳು. “ಇದು ಬೇಸುರ ಅಲ್ಲ ಕಣೋ, ಸ್ವಲ್ಪ ಸಂಕೋಚ ಅಷ್ಟೆ” ಎಂದಳು. ಅಲ್ಲಿಂದ ಇಲ್ಲಿಯವರೆಗೆ ನಾನು ಏನು ಮಾಡಿದರೂ ಮೊದಲು ಕೇಳಬೇಕಾದವಳು ಅವಳು. ಅವಳು ಶಾಲೆಯಲ್ಲಿ ಸಂಗೀತದ ಟೀಚರಾದ ಮೇಲೂ, ಮಕ್ಕಳ ಮುಂದೆ ಕೀಬೋರ್ಡ್ ನುಡಿಸುವ ಆ ಬೆರಳುಗಳು ನನ್ನ ಡಬ್ಬಿಗಳನ್ನು ಮೊದಲು ಮುಟ್ಟಿದವು ಎಂಬ ಒಣ ಜಂಬ ನನಗಿತ್ತು.

ಕಳೆದ ವರ್ಷ ಅವಳು ಶಾಲೆಯ ಮೆಟ್ಟಿಲಲ್ಲಿ ಬಿದ್ದು ಬಲಗೈಯ ನರಕ್ಕೆ ಪೆಟ್ಟಾಗಿ ಮೂರು ಬೆರಳು ಸೋತಾಗ, ನಾನು ಎಂಟು ತಿಂಗಳು ಕೂತು ಅವಳಿಗೊಂದು ಕೀಬೋರ್ಡ್ ಮಾಡಿದೆ. ಇಪ್ಪತ್ತೈದು ಕೀಲಿ, ತೆಳ್ಳಗೆ, ಹಗುರ, ಹತ್ತಿಯಷ್ಟು ಮೆತ್ತಗೆ ಒತ್ತಿದರೂ ಸಾಕು. ಅವಳು ಬೆರಳಿಟ್ಟಳು. ಎರಡೆರಡು ಕೀಲಿ ಒಟ್ಟಿಗೆ ಒತ್ತಿಹೋದವು. ಇನ್ನೊಮ್ಮೆ ಇಟ್ಟಳು. “ತುಂಬಾ ಚೆನ್ನಾಗಿದೆ ಕಣೋ” ಎಂದಳು. ಮುಂದಿನ ವಾರ ನಾನು ಬಂದಾಗ ಅದು ಬೀರುವಿನ ಮೇಲೆ ಹಳೆಯ ಟವೆಲ್ ಹೊದ್ದು ಮಲಗಿತ್ತು.

ನೀವು ಹನ್ನೊಂದು ದಿನ ತೆಗೆದುಕೊಂಡಿರಿ. ಯಾವುದೋ ಕಟ್ಟಡದಲ್ಲಿ ಕಿತ್ತುಹಾಕಿದ ಹಳೆಯ ಲಿಫ್ಟಿನಿಂದ ಗುಂಡಿಗಳನ್ನು ತಂದಿರಿ, ಒಂದೊಂದೂ ಬಿಸ್ಕತ್ತಿನಷ್ಟು ಅಗಲ, ಒತ್ತಿದರೆ ಒಳಗೆ ಹಳದಿ ದೀಪ. ನೆಲಮಹಡಿಯಿಂದ ಹನ್ನೆರಡನೆಯ ಮಹಡಿಯವರೆಗೆ ಹದಿಮೂರು ಸ್ವರ. ‘ಬಾಗಿಲು ತೆರೆ’ ಗುಂಡಿ ಒತ್ತಿ ಹಿಡಿದರೆ ಸ್ವರ ಎಳೆಯುತ್ತದೆ. ಎಲ್ಲಾದರೂ ಸ್ವರ ಸಿಕ್ಕಿಕೊಂಡು ಕೂಗುತ್ತಲೇ ಇದ್ದರೆ ಎಲ್ಲವನ್ನೂ ಸುಮ್ಮನಾಗಿಸಲು ಕೆಂಪು ಅಪಾಯದ ಗುಂಡಿ. ಅಕ್ಕ ಅದನ್ನು ನೋಡಿ ನಕ್ಕ ನಗೆಯನ್ನು ನಾನು ವರ್ಷದಿಂದ ಕೇಳಿರಲಿಲ್ಲ. “ಮೂರನೇ ಮಹಡಿಗೆ ಹೋಗ್ತೀನಿ ದಾರಿ ಬಿಡಿ” ಎಂದುಕೊಂಡು ಸೋತ ಬೆರಳಿನಿಂದ ಒತ್ತಿದಳು, ಸ್ವರ ಬಂತು. ನನ್ನ ಕಡೆ ತಿರುಗಿ, “ಇವರು ನನ್ನ ಕೈ ನೋಡಿ ಮಾಡಿದಾರೆ, ನೀನು ಪುಸ್ತಕ ನೋಡಿ ಮಾಡಿದ್ದೆ” ಎಂದಳು. ಬೈದದ್ದಲ್ಲ, ಇದ್ದದ್ದನ್ನು ಹೇಳಿದ್ದು. ಪಕ್ಕದ ಮನೆಯ ನರ್ಸಮ್ಮ ಕೇಳಿ, “ಇದರಲ್ಲಿ ಭಾವ ಇದೆ ನೋಡಿ” ಎಂದರು. “ಇರದೆ ಏನು, ಮಾಡಿದ್ದೇ ಭಾವ” ಎಂದೆ ನಾನು. ಎಲ್ಲರೂ ನಕ್ಕರು. ಆ ನಗು ನಿಲ್ಲುವ ಮೊದಲೇ ನಾನು ಚಪ್ಪಲಿ ಹಾಕಿಕೊಂಡಿದ್ದೆ. ಸ್ವರ ಹುಟ್ಟುತ್ತಿದ್ದದ್ದು ನನ್ನ ಸಿಂಥಸೈಜರಿನಲ್ಲಿ, ಪೆಟ್ಟಿಗೆಯೊಳಗಿನ ಪ್ರೋಗ್ರಾಮ್ ಬರೆದುಕೊಟ್ಟವನು ನಾನು, ಆದರೆ ಹೊಗಳಿಕೆ ಹತ್ತಿದ್ದು ನಿಮ್ಮ ಲಿಫ್ಟನ್ನು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಎರಡನೆಯ ದಿನದಿಂದ ಪೆಟ್ಟಿಗೆ ತೊದಲಲು ಶುರುಮಾಡಿತು. ಒಂದು ಸಲ ಒತ್ತಿದರೆ ಸ್ವರ ಎರಡು ಸಲ, ಟ-ಟ ಎಂದು. ನೀವು ಒತ್ತಿದಾಗ ಬಹುತೇಕ ಸರಿಯಾಗಿಯೇ ಬರುತ್ತಿತ್ತು, ಅಕ್ಕ ಒತ್ತಿದಾಗ ತೊದಲುತ್ತಿತ್ತು. ನಿಮಗೆ ನಿಮ್ಮ ಬೆಸುಗೆಯ ಮೇಲೆ ಅನುಮಾನ ಬಂತು. ಅವಳಿಗೆ ಅವಳ ಬೆರಳಿನ ಮೇಲೆ. ನನಗೆ ಅನುಮಾನವೇ ಇರಲಿಲ್ಲ ಭಾವ, ನನಗೆ ಗೊತ್ತಿತ್ತು.

ನಾಲ್ಕನೆಯ ದಿನ ‘ನೋಡಿಕೊಡ್ತೀನಿ’ ಎಂದು ಪೆಟ್ಟಿಗೆಯನ್ನು ಮನೆಗೆ ಒಯ್ದೆನಲ್ಲ, ಆಗಲೇ ಕಂಪ್ಯೂಟರಿಗೆ ಜೋಡಿಸಿ ಅದು ಕಳಿಸುವ ಚೀಟಿಗಳನ್ನು ಒಂದೊಂದಾಗಿ ಪರದೆಯ ಮೇಲೆ ಓದಿದೆ. ಅಕ್ಕನ ಹಾಗೆ ಮೆಲ್ಲಗೆ ಒತ್ತಿದರೆ ಎರಡು ಚೀಟಿ ಹೋಗುತ್ತಿದ್ದವು. ಎರಡರ ನಡುವೆ ಹನ್ನೊಂದು ಮಿಲಿಸೆಕೆಂಡು. ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿದರೆ ಹನ್ನೊಂದು ಚೂರು. ಭೂಮಿಯ ಮೇಲೆ ಯಾವ ಬೆರಳೂ, ನಡುಗುವ ಬೆರಳಾಗಲಿ ನೆಟ್ಟಗಿರುವ ಬೆರಳಾಗಲಿ, ಅಷ್ಟರೊಳಗೆ ಒಂದು ಗುಂಡಿಯನ್ನು ಎರಡು ಸಲ ಒತ್ತಲಾರದು. ಗುಂಡಿಯೊಳಗಿನ ಎರಡು ಲೋಹದ ತುಂಡುಗಳು ಕೂಡುವಾಗ, ಕೈಜಾರಿದ ತಟ್ಟೆ ನೆಲದ ಮೇಲೆ ಕುಣಿದು ಆಮೇಲೆ ನಿಲ್ಲುತ್ತದಲ್ಲ, ಹಾಗೆ ಕುಣಿಯುತ್ತವೆ. ಲಿಫ್ಟಿಗೆ ಇದರಿಂದ ಏನೂ ಇಲ್ಲ. ‘ಮೂರನೇ ಮಹಡಿ’ ಎಂದು ಎರಡು ಸಲ ಕೇಳಿಸಿಕೊಂಡರೂ ಒಂದೇ ಸಲ ಹೋಗುತ್ತದೆ. ಸಿಂಥಸೈಜರ್ ಅಷ್ಟು ವಿವೇಕಿಯಲ್ಲ. ಹಾಗಾಗಿ ಮೊದಲ ಚೀಟಿಯ ನಂತರ ಸ್ವಲ್ಪ ಹೊತ್ತು ಕಿವಿ ಮುಚ್ಚಿಕೊಂಡಿರು ಎಂದು ಪ್ರೋಗ್ರಾಮಿನಲ್ಲಿ ಬರೆಯಬೇಕು. ಆ ಹೊತ್ತಿಗೆ ನಾನು ಇಟ್ಟಿದ್ದ ಹೆಸರು ‘ತಾಳ್ಮೆ’. ನನ್ನ ಕೀಬೋರ್ಡಿನ ಮೆತ್ತನೆಯ ರಬ್ಬರ್ ಕೀಲಿಗಳಿಗೆ ತಾಳ್ಮೆ ಐದು ಮಿಲಿಸೆಕೆಂಡು ಇದ್ದರೆ ಸಾಕಿತ್ತು. ನಿಮ್ಮ ಪೆಟ್ಟಿಗೆಗೆ ಅದೇ ಪ್ರೋಗ್ರಾಮನ್ನು ನಕಲು ಮಾಡಿಕೊಟ್ಟೆ. ಸವೆದ ಲಿಫ್ಟ್ ಗುಂಡಿಗಳಿಗೆ ನಲವತ್ತು ಬೇಕು. ಒಂದು ಅಂಕಿ ತಿದ್ದುವ ಕೆಲಸ, ಚಹಾ ಆರುವುದರೊಳಗೆ ಮುಗಿಯುತ್ತಿತ್ತು.

ನಕಲು ಮಾಡಿದ್ದು ತಪ್ಪು. ತಪ್ಪು ಯಾರಿಂದಲಾದರೂ ಆಗುತ್ತದೆ. ಅದಾದ ಮೇಲೆ ನಾನು ಮಾಡಿದ್ದು ಬೇರೆ. ಪೆಟ್ಟಿಗೆಯನ್ನು ಹಾಗೆಯೇ ವಾಪಸು ತಂದು, “ಪ್ರೋಗ್ರಾಮ್ ಸರಿಯಾಗಿದೆ ಭಾವ, ನಿಮ್ಮ ಕಾಂಟ್ಯಾಕ್ಟ್ ನೋಡಿ” ಎಂದೆ. ನೀವು ಬಾಲ್ಕನಿಯಲ್ಲಿ ಕೂತು ಹದಿಮೂರು ಗುಂಡಿಯನ್ನೂ ಬಿಚ್ಚಿ ಉಪ್ಪುಕಾಗದ ಹಾಕಿ ಉಜ್ಜಿದಿರಿ. ಸ್ಪ್ರಿಂಗ್ ಬದಲಾಯಿಸಿದಿರಿ. ಆ ಸಾಸಿವೆ ಕಾಳುಗಳನ್ನೆಲ್ಲ ಕರಗಿಸಿ ಮತ್ತೆ ಹಾಕಿದಿರಿ. ನೀವು ಗುಂಡಿ ಜೋಡಿಸುತ್ತಿದ್ದಿರಿ, ನಾನು ಗುಂಡಿ ತೋಡುತ್ತಿದ್ದೆ. ನಿಮ್ಮ ಬೆನ್ನು ನೋಡಿಕೊಂಡು ನಾನು ಚಹಾ ಕುಡಿದೆ. ಹಿತವಾಗಿತ್ತು. ನಿಮ್ಮ ಕೈಯಲ್ಲೂ ಆಗದ ಒಂದು ರಿಪೇರಿ ಲೋಕದಲ್ಲಿ ಇದೆಯಲ್ಲ ಎಂದು ಹಿತವಾಗಿತ್ತು. ಹದಿನಾರು ದಿನ ಹೀಗೆ ನಡೆಯಿತು.

ನನ್ನ ಲೆಕ್ಕ ಇಷ್ಟೇ ಇತ್ತು: ನಿಮ್ಮದು ಕೈಕೊಟ್ಟರೆ ಬೀರುವಿನ ಮೇಲಿಂದ ನನ್ನದು ಕೆಳಗಿಳಿಯುತ್ತದೆ.

ನಿನ್ನೆ ಊಟದ ಮೇಜಿನ ಮುಂದೆ ಅಕ್ಕ ಮಕ್ಕಳ ಪ್ರಾರ್ಥನೆಯ ಹಾಡನ್ನು ನುಡಿಸಲು ಹೊರಟಳು. ಪ್ರತಿ ಸ್ವರವೂ ಟ-ಟ, ಟ-ಟ. ನಾನು, “ಬಿಡಕ್ಕ, ಒಂದು ಹಾಡು ಕೇಳಿದ್ರೆ ಇನ್ನೊಂದು ಪುಕ್ಕಟೆ” ಎಂದೆ. ಅವಳು ನಕ್ಕಳು. ನಾನು ಹೇಳಿದ್ದಕ್ಕೆಲ್ಲ ಅವಳು ನಗುತ್ತಾಳೆ. ಆಮೇಲೆ ಎಡಗೈಯಲ್ಲಿ ಬಲಗೈಯ ಬೆರಳುಗಳನ್ನು ಹಿಡಿದುಕೊಂಡು, “ಬೆರಳಿಗೇ ತೊದಲು ಬಂದಿದೆ ಕಣೋ. ಪಾಪ, ಇವರು ಆಗಿಂದ ಗುಂಡೀನ ಬೈತಿದಾರೆ” ಎಂದಳು. ನಾನು ಕಾದಿದ್ದ ಗಳಿಗೆ ಅದು. “ನನ್ನದನ್ನ ಕೆಳಗಿಳಿಸಲಾ?” ಎಂದು ಕೇಳಿಯೂ ಬಿಟ್ಟೆ. “ಬೇಡ ಕಣೋ. ಇದರಲ್ಲೇ ಆಗದ ಮೇಲೆ ಯಾವುದರಲ್ಲೂ ಆಗಲ್ಲ. ಸೋಮವಾರ ಹೆಡ್ ಮೇಡಂ ಕೈಗೆ ರಾಜೀನಾಮೆ ಕೊಟ್ಟುಬಿಡ್ತೀನಿ” ಎಂದಳು, ಚಹಾಕ್ಕೆ ಸಕ್ಕರೆ ಸಾಕು ಎನ್ನುವ ದನಿಯಲ್ಲಿ. ನೀವು ಎದ್ದು ಬಾಲ್ಕನಿಗೆ ಹೋದಿರಿ. ಉಪ್ಪುಕಾಗದದ ಸದ್ದು ಮತ್ತೆ ಶುರುವಾಯಿತು.

ನಿಮ್ಮ ಪೆಟ್ಟಿಗೆ ಸೋಲಲಿ ಎಂದು ಬಯಸಿದ್ದು ನಿಜ. ಅವಳು ಸೋಲುತ್ತಿದ್ದಾಳೆ ಎನ್ನುವುದನ್ನು ಹದಿನಾರು ದಿನವೂ ಕಣ್ಣೆದುರೇ ನೋಡುತ್ತಿದ್ದೆ, ನೋಡಿಯೂ ಅದು ನಿಮ್ಮ ಸೋಲು ಎಂದೇ ಎಣಿಸಿಕೊಳ್ಳುತ್ತಿದ್ದೆ. ಇದಕ್ಕೆ ಯಾವ ಪದದಾಟವೂ ಹೊಳೆಯುತ್ತಿಲ್ಲ.

ಈ ಕಾಗದದ ಜೊತೆಗಿರುವ ಪೊಟ್ಟಣದಲ್ಲಿ ತಿದ್ದಿದ ಪ್ರೋಗ್ರಾಮ್ ತುಂಬಿದ ಹೊಸ ಬೋರ್ಡ್ ಇದೆ. ತಾಳ್ಮೆ ನಲವತ್ತು. ಪೆಟ್ಟಿಗೆಯ ತಳದ ನಾಲ್ಕು ತಿರುಪು ಬಿಚ್ಚಿ, ಹಳೆಯದನ್ನು ಕಿತ್ತು ಇದನ್ನು ಕೂರಿಸಿ; ಕೆಂಪು ತಂತಿ ಬಾಗಿಲ ಗುಂಡಿಯ ಕಡೆಗೆ ಬರಬೇಕು. ನಿಮಗೆ ಹೇಳುವ ಅಗತ್ಯವಿಲ್ಲ, ಆದರೂ ಮೇಷ್ಟ್ರ ಚಾಳಿ. ಅದಕ್ಕೂ ಮೊದಲು ಅಕ್ಕನನ್ನು ಕೂರಿಸಿಕೊಂಡು ಆ ಹನ್ನೊಂದು ಮಿಲಿಸೆಕೆಂಡಿನ ಸಾಲನ್ನು ಓದಿ. ಅವಳ ಬೆರಳು ಮೊದಲ ದಿನದಿಂದಲೂ ಒಂದೇ ಸಲ ಒತ್ತುತ್ತಿತ್ತು, ಸರಿಯಾಗಿ ಒತ್ತುತ್ತಿತ್ತು ಎನ್ನುವುದು ಅವಳಿಗೆ ಗೊತ್ತಾಗಬೇಕು.

ನೀವು ಏನು ಮಾಡುತ್ತೀರಿ ಎನ್ನುವುದೂ ನನಗೆ ಗೊತ್ತು. “ಪ್ರೋಗ್ರಾಮಲ್ಲಿ ಏನೋ ಸಣ್ಣದು ಇತ್ತಂತೆ, ಪಾಪ, ಕೂತು ಸರಿಮಾಡಿ ಕೊಟ್ಟಿದಾನೆ” ಎಂದು ಹೇಳಿ ನನ್ನನ್ನು ಉಳಿಸಿಬಿಡುತ್ತೀರಿ. ದಯವಿಟ್ಟು ಉಳಿಸಬೇಡಿ. ಆಮೇಲೆ ನಿಮ್ಮ ಆ ಒಳ್ಳೆಯತನದ ಮೇಲೂ ನಾನು ಹೊಟ್ಟೆ ಉರಿದುಕೊಳ್ಳಬೇಕಾಗುತ್ತದೆ, ಈಗಿರುವುದೇ ಸಾಕಷ್ಟಿದೆ. ಕಾಗದವನ್ನು ಪೂರ್ತಿ ಅವಳ ಕೈಗೆ ಕೊಡಿ. ಹದಿನಾರು ದಿನ ಎಂದು ಬರೆದ ಕಡೆ ಅವಳು ನಿಲ್ಲುತ್ತಾಳೆ. ನಿಲ್ಲಲಿ.

ಇದನ್ನು ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ, ಪೊಟ್ಟಣವನ್ನು ಹೊಸಿಲ ಮೇಲಿಟ್ಟು, ನಾನು ಒಂದು ಮಹಡಿ ಕೆಳಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಬೋರ್ಡ್ ಹಾಕಿದ ಮೇಲೆ ಸ್ವರ ಒಂಟಿಯಾಗಿ ಬಂದರೆ ಅಲ್ಲಿಗೂ ಕೇಳಿಸುತ್ತದೆ. ಮೇಲೆ ಬಾ ಎಂದು ನೀವು ಕರೆಯಬೇಡಿ ಭಾವ, ನೀವು ಕರೆದೇ ಕರೆಯುತ್ತೀರಿ. ಅಕ್ಕ ಕರೆದರೆ ಬರುತ್ತೇನೆ. ಕರೆಯದಿದ್ದರೆ ಹಾಡು ಮುಗಿಯುವವರೆಗೆ ಕೂತಿದ್ದು ಎದ್ದು ಹೋಗುತ್ತೇನೆ.

ಅವಳ ಬೆರಳುಗಳಿಗೆ ಒಳ್ಳೆಯದಾಗಲಿ. ಅವುಗಳ ಅಳತೆ ಬಲ್ಲ ನಿಮ್ಮ ಕೈಗಳಿಗೂ ಒಳ್ಳೆಯದಾಗಲಿ. ಎರಡನೆಯ ವಾಕ್ಯ ಬರೆಯಲು ಮೊದಲನೆಯದಕ್ಕಿಂತ ತುಂಬ ಹೊತ್ತು ಹಿಡಿಯಿತು, ಆದರೆ ಬರೆದಿದ್ದೇನೆ, ಹೊಡೆದುಹಾಕಿಲ್ಲ.

ಕೆಳಗಿನ ಮೆಟ್ಟಿಲಿನಿಂದ ನಮಸ್ಕಾರಗಳೊಂದಿಗೆ,
ನಿಮ್ಮ ಹೆಂಡತಿಯ ತಮ್ಮ